ಸೋಮವಾರ ಮುಚ್ಚುತ್ತಿದ್ದ ಅಂಗಡಿ

ಗುರುಪಾದಪ್ಪನ ಒಂದು ಜೇಬಿನಲ್ಲಿ ಕಡಲೆ, ಇನ್ನೊಂದರಲ್ಲಿ ಕಥೆ ಎಂದು ಹುಬ್ಬಳ್ಳಿಯ ಕಾಳಿನ ಮಾರುಕಟ್ಟೆಯಲ್ಲಿ ತಮಾಷೆ ಮಾಡುತ್ತಿದ್ದರು. ತಮಾಷೆಯಾದರೂ ಸುಳ್ಳಲ್ಲ. ವ್ಯಾಪಾರಿಗಳ ಹತ್ತಿರ ಹಿಡಿಯಷ್ಟು ಕಡಲೆ ಮಾದರಿಗೆ ತೆಗೆದುಕೊಂಡು, ತಾರಿಹಾಳದ ಬೇಳೆ ಮಿಲ್ಲಿನವರಿಗೆ ತೋರಿಸಿ, ಇಬ್ಬರನ್ನೂ ಒಂದು ದರಕ್ಕೆ ಒಪ್ಪಿಸುವ ದಲಾಲಿ ಅವನದು. ಮೂವತ್ತು ವರ್ಷದ ಕಸುಬು. ಆದರೆ ಮಾದರಿಯ ಪೊಟ್ಟಣ ಬಿಚ್ಚುವ ಮುಂಚೆ ಅರ್ಧ ಗಂಟೆಯಾದರೂ ಮಾತು ನಡೆಯಬೇಕು ಎನ್ನುವುದು ಅಲ್ಲಿಯ ರೂಢಿ. ಗಾದಿಯ ಮೇಲೆ ಕೂರಬೇಕು, ಚಹಾ ಬರಬೇಕು, ಮಂಡಿನೋವು, ಅಳಿಯನ ಸಿಟ್ಟು, ಹೊಸ ಬೋರಿನ ನೀರು ಎಲ್ಲ ಬಂದು ಹೋಗಬೇಕು. ಬಂದವನೇ ದರ ಕೇಳಿದರೆ ಅವನು ಹೊಸಬ, ಇಲ್ಲವೇ ಜಗಳಕ್ಕೆ ಬಂದವನು.

ಈಗ ದರ ಫೋನಿನಲ್ಲೇ ಸಿಗುತ್ತದೆ. ಆದರೂ ಗುರುಪಾದಪ್ಪನನ್ನು ಯಾರೂ ಬಿಟ್ಟಿರಲಿಲ್ಲ. ಯಾರು ಕೊಟ್ಟ ಮಾತಿಗೆ ನಿಲ್ಲುತ್ತಾರೆ, ಯಾರು ಮೇಲಿನ ಚೀಲದಲ್ಲಷ್ಟೇ ಒಳ್ಳೆ ಕಾಳು ತುಂಬುತ್ತಾರೆ ಎಂಬುದು ಫೋನಿಗೆ ಗೊತ್ತಿಲ್ಲ. ಅವನು ಒಬ್ಬರ ಒಳ್ಳೆಯ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಿ ಹೇಳಿಯೇ ಮುಖ ನೋಡದವರನ್ನು ಬೀಗರಂತೆ ಮಾಡಿದ್ದ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಅದನ್ನು ಅವನು ಎದೆ ಸೆಟೆಸಿಕೊಂಡು ನಂಬಿದ್ದ. ಅದೇ ಬಾಯಲ್ಲಿ ನಮ್ಮ ಹಿರಿಯರು ಮಾತು ಮನೆ ಕೆಡಿಸಿತು ಎಂದೂ ಹೇಳಿದ್ದಾರೆ. ಅದು ಅವನ ಕಿವಿಗೆ ಬಿದ್ದಿರಲಿಲ್ಲ.

ಅವನ ಎಲ್ಲ ಕಥೆಗಳಲ್ಲಿ ಒಂದು ಮಾತ್ರ ಜೇಬಿನಿಂದ ಹೊರಗೆ ಬಂದಿರಲಿಲ್ಲ. ಅದು ಮಾರುಕಟ್ಟೆಯ ಹಳೆಯ ವ್ಯಾಪಾರಿ ಶಂಭುಲಿಂಗಪ್ಪನವರದು. ಹದಿನೈದು ವರ್ಷದ ಹಿಂದೆ ಅವರು ಸೋಮವಾರ ಬಂತೆಂದರೆ, ಮಾರುಕಟ್ಟೆಗೆ ಮಾಲಿನ ಆವಕ ಎಷ್ಟೇ ಇರಲಿ, ಅಂಗಡಿ ಮುಚ್ಚುತ್ತಿದ್ದರು. ಸೋಮವಾರದ ವ್ರತ ಹಿಡಿದಿದ್ದಾರೆ ಎಂದು ಮಾರುಕಟ್ಟೆಯೆಲ್ಲ ಕೈಮುಗಿಯಿತು. ನಿಜ ಬೇರೆ. ಎಂಟು ವರ್ಷದ ಮಗಳು ಸೌಮ್ಯಾಳಿಗೆ ಮೂರ್ಛೆ ಬರುತ್ತಿತ್ತು. ಧಾರವಾಡದ ಒಬ್ಬ ಡಾಕ್ಟರರ ಹತ್ತಿರ ಮೂರು ವರ್ಷ ಒಂದು ಸೋಮವಾರವೂ ಬಿಡದೆ ಕರೆದುಕೊಂಡು ಹೋದರು, ಹುಡುಗಿ ಗುಣವಾದಳು. ಇದು ಮನೆಯವರನ್ನು ಬಿಟ್ಟರೆ ಗುರುಪಾದಪ್ಪನೊಬ್ಬನಿಗೇ ಗೊತ್ತು. ಒಂದು ದಿನ ಚಹಾ ಕುಡಿಯುತ್ತ ಅವರೇ ಕಣ್ಣೀರು ಹಾಕಿ ಹೇಳಿದ್ದರು.

ಕಳೆದ ಮಾಘದಲ್ಲಿ ಅವನು ತಾರಿಹಾಳದ ರಾಜಶೇಖರಪ್ಪನವರ ಮಿಲ್ಲಿಗೆ ಹೋದಾಗ ಅವರು ಗಾದಿಯ ಮೇಲೆ ಮುಖ ಮುಚ್ಚಿಕೊಂಡು ಕುಳಿತಿದ್ದರು. ಐದು ವರ್ಷದ ಮೊಮ್ಮಗಳಿಗೆ ಹಿಂದಿನ ದಿನ ಮೂರ್ಛೆ ಬಂದಿತ್ತು.

"ಮುಂದ ಈ ಕೂಸಿನ ಗತಿ ಏನ್ರಿ ಗುರುಪಾದಪ್ಪಾರ," ಎಂದು ಅವರು ಅತ್ತರು.

ಅಳುವವರ ಮುಂದೆ ಸುಮ್ಮನೆ ಕೂರುವ ವಿದ್ಯೆ ಗುರುಪಾದಪ್ಪ ಕಲಿತಿರಲಿಲ್ಲ. "ಒಬ್ಬ ಅಪ್ಪ ಇದ್ದನ್ರಿ," ಎಂದು ಶುರುಮಾಡಿದ. ಅಪ್ಪನ ಹೆಸರು ಹೇಳಲಿಲ್ಲ, ಅವನು ಯಾವ ಊರಿನವನೆಂದೂ ಹೇಳಲಿಲ್ಲ. ಸೋಮವಾರ ಸೋಮವಾರ ಅಂಗಡಿ ಮುಚ್ಚಿದ್ದನ್ನು, ಧಾರವಾಡದ ಬಸ್ ನಿಲ್ದಾಣದಲ್ಲಿ ಹತ್ತು ಜನರ ಮುಂದೆ ಮಗಳ ಬಾಯಿಯ ನೊರೆಯನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದ್ದನ್ನು, ಅವಳು ಗುಣವಾಗಿ ಓದಿ ದೊಡ್ಡವಳಾದದ್ದನ್ನು ಹೇಳಿದ. ರಾಜಶೇಖರಪ್ಪ ಕಣ್ಣು ಒರೆಸಿಕೊಂಡು, "ಜೀವ ಬಂದಂಗಾತ್ರಿ," ಎಂದರು. ಗುರುಪಾದಪ್ಪ ಅಂದು ಪುಣ್ಯ ಕಟ್ಟಿಕೊಂಡವನಂತೆ ಗೋಪನಕೊಪ್ಪದ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚು ತಿಂದ.

ಪುಣ್ಯದ ಫಲ ಇಪ್ಪತ್ತು ದಿನದಲ್ಲಿ ಬಂತು. ರಾಜಶೇಖರಪ್ಪ ಆ ಕಥೆಯನ್ನು ಹೆಂಡತಿಗೆ ಧೈರ್ಯ ಹೇಳಲು ಹೇಳಿದರು, ಆಕೆ ಅದನ್ನು ತನ್ನ ಅಕ್ಕನಿಗೆ ಹೇಳಿದಳು. ಆ ಅಕ್ಕನ ಮಗನಿಗೇ ಸೌಮ್ಯಾಳನ್ನು ನೋಡಿ ಹೋಗಿದ್ದರು. ನಿಶ್ಚಯವಾಗುವವರೆಗೆ ಹೊರಗೆ ಬಿಡುವುದು ಬೇಡವೆಂದು ಎರಡೂ ಮನೆಯವರು ಗುಟ್ಟಾಗಿ ಇಟ್ಟಿದ್ದರು. ಸೋಮವಾರ ಮುಚ್ಚುತ್ತಿದ್ದ ಅಂಗಡಿ ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಒಂದೇ. ಹೆಸರು ಯಾಕೆ ಬೇಕು? ಜಾತಕ ಕೂಡುವುದಿಲ್ಲ ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದರು. ಜಾತಕ ನೋಡುವ ಪದ್ಧತಿಯೇ ಆ ಮನೆಯಲ್ಲಿರಲಿಲ್ಲ. ನಿಜವಾದ ಕಾರಣ ನೆಂಟರ ಬಾಯಿಂದ ಬಾಯಿಗೆ ಬಂದು ಶಂಭುಲಿಂಗಪ್ಪನವರ ಕಿವಿಗೂ ಬಿತ್ತು.

ಇದೆಲ್ಲ ಗುರುಪಾದಪ್ಪನಿಗೆ ತಿಳಿದದ್ದು ಹೆಂಡತಿ ಚನ್ನಬಸವ್ವನಿಂದ. ಅದಕ್ಕೂ ಮುಂಚೆ ಶಂಭುಲಿಂಗಪ್ಪನವರ ಗಾದಿಯೇ ಅವನಿಗೆ ಹೇಳಿಬಿಟ್ಟಿತ್ತು. "ಬಾರೋ ಗುರುಪಾದ" ಎನ್ನುತ್ತಿದ್ದವರು ಅಂದು, "ಬರ್ರಿ. ಇವತ್ತಿನ ರೇಟ್ ಏನೈತ್ರಿ?" ಎಂದರು. ಚಹಾ ಬರಲಿಲ್ಲ. ಮರುದಿನವೂ ಅಷ್ಟೇ. ಕ್ರಮೇಣ ಉಳಿದ ಅಂಗಡಿಗಳಲ್ಲೂ ಅವನು ಹೊಸ್ತಿಲು ದಾಟಿದರೆ ಮಾತು ನಿಲ್ಲತೊಡಗಿತು. ಯಾರೂ ಬೈಯಲಿಲ್ಲ, ಮಾಲು ಕೊಡುವುದಿಲ್ಲ ಎಂದೂ ಹೇಳಲಿಲ್ಲ. ಅವನ ಮುಂದೆ ಮನೆಯ ವಿಷಯ ಎತ್ತುವುದನ್ನು ಮಾತ್ರ ಬಿಟ್ಟರು. ಆ ಮಾತಿಲ್ಲದೆ ಗುರುಪಾದಪ್ಪ ಎರಡು ಕಾಲಿನ ಕಡಲೆ ಪೊಟ್ಟಣವಷ್ಟೇ ಆಗಿ ಉಳಿದ. ಅನ್ನ ಇಳಿಯಲಿಲ್ಲ. ನಿದ್ದೆ ಹತ್ತಲಿಲ್ಲ. ಪೂಜೆಗೆ ಕೂತರೂ ಅದೇ ಬಸ್ ನಿಲ್ದಾಣ ಕಣ್ಣಿಗೆ ಬರುತ್ತಿತ್ತು.

ಕೊನೆಗೆ ಒಂದು ಸೋಮವಾರ ಅವನು ಶಂಭುಲಿಂಗಪ್ಪನವರ ಅಂಗಡಿಗೆ ಹೋಗಿ, ಗಾದಿಯ ಮೇಲೆ ಕೂರದೆ ಕೆಳಗೆ ಫರಸಿಕಲ್ಲಿನ ನೆಲದ ಮೇಲೆ ಕುಳಿತ. ಒಳಗಿನ ಕೋಣೆಯಲ್ಲಿ ಸೌಮ್ಯಾ ಇದ್ದಳು. ಓದು ಮುಗಿಸಿ ಈಗ ಅಂಗಡಿಯ ಕೆಲಸ ಅವಳೇ ನೋಡಿಕೊಳ್ಳುತ್ತಿದ್ದಳು.

"ಬೈರಿ ಸಾವಕಾರ್ರ, ಬೇಕಾದ್ರ ಎರಡು ಹೊಡೀರಿ. ಹಿಂಗ ಸುಮ್ಮ ಕುಂತ್ರ ನಾ ಸತ್ತ ಹೋಗ್ತೇನಿ."

"ಕಡ್ಲಿ ರೇಟ್ ಏನೈತ್ರಿ?"

"ನಾ ಹೆಸರು ಹೇಳಿಲ್ರಿ. ಲಿಂಗ ಮುಟ್ಟಿ ಹೇಳ್ತೇನಿ, ಹೆಸರು ಹೇಳಿಲ್ಲ."

"ಸೋಮವಾರ ಅಂದ್ಯಲ್ಲೋ." ಇಷ್ಟು ದಿನಗಳ ಮೇಲೆ ಬಾಯಿತಪ್ಪಿ ಅವರಿಂದ ಹಳೆಯ ಸಲುಗೆಯ ಮಾತು ಬಂತು. ಗುರುಪಾದಪ್ಪನಿಗೆ ಅಷ್ಟಕ್ಕೇ ಆಸೆ ಚಿಗುರಿತು.

"ಹೊಟ್ಟಿಕಿಚ್ಚಿಗೆ ಹೇಳಿಲ್ರಿ. ತಾರಿಹಾಳದ ರಾಜಶೇಖರಪ್ಪಾರ ಮೊಮ್ಮಗಳಿಗೂ ಅದ ರೋಗ. ಅವರು ಅಳಾಕತ್ತಿದ್ರು, ಧೈರ್ಯ ಹೇಳಾಕ ಹೋಗಿ..."

ಶಂಭುಲಿಂಗಪ್ಪ ತಲೆಯೆತ್ತಿ ಅವನನ್ನೇ ನೋಡಿದರು. "ಈಗ ಆ ಕೂಸಿಂದು ಇಲ್ಲಿ ಹೇಳಿದಿ," ಎಂದರು.

ಗುರುಪಾದಪ್ಪ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಆಡಿದ ಮಾತು ಒಳಗೆ ಹೋಗುವುದಿಲ್ಲ, ಕೈ ಇಟ್ಟರೇನು. ತನ್ನ ಮೇಲೇ ಅವನಿಗೆ ಹೇಸಿಗೆಯಾಯಿತು.

ಸೌಮ್ಯಾ ಹೊರಗೆ ಬಂದಳು. "ಕಾಕಾ, ನನ್ನ ಕಥಿ ನಾನು ಒಮ್ಮೆಯೂ ಕೇಳಿಲ್ಲ. ಅಲ್ಲಿ ಹೆಂಗ ಹೇಳಿದ್ರಿ, ಹಂಗ ಹೇಳ್ರಿ."

"ಬ್ಯಾಡ ಯವ್ವಾ."

"ಹೇಳ್ರಿ."

"ಒಬ್ಬ ಅಪ್ಪ ಇದ್ದ," ಎಂದು ಅವನು ಶುರುಮಾಡಿದ. ಕಥೆಯಲ್ಲಿ ಬಸ್ಸು ಹತ್ತುವವರೆಗೆ ಹೇಗೋ ಬಂದ. ನಿಲ್ದಾಣದ ಹತ್ತಿರ ಬಂದಾಗ ಅವಳ ಬಾಯಿಯ ಕಡೆ ಕಣ್ಣು ಹೋಗಿ, ಮುಂದಿನ ಮಾತು ಹೊರಡಲಿಲ್ಲ. ಅಲ್ಲಿಯವರೆಗೆ ಅದು ಅಪ್ಪನ ಕಥೆಯಾಗಿತ್ತು.

"ಆಗವಲ್ದು ಯವ್ವಾ."

"ಅಲ್ಲಿ ಆತಲ್ರಿ," ಎಂದಳು ಸೌಮ್ಯಾ. ದನಿ ಏರಿಸಲಿಲ್ಲ. "ಆ ಕಥ್ಯಾಗ ಅಪ್ಪಗ ದೊಡ್ಡಸ್ತಿಕಿ ಬಂತು. ಕೇಳಿದವರಿಗೆ ಧೈರ್ಯ ಬಂತು. ನನಗೇನು ಬಂತ್ರಿ ಕಾಕಾ?"

ಅವನು ಎದ್ದು ಚಪ್ಪಲಿ ಹುಡುಕುವಾಗ ಅವಳು ಮತ್ತೆ ಕರೆದು, "ಆ ಕೂಸು ಹೆಂಗೈತಿ?" ಎಂದಳು. ಇನ್ನೆರಡು ಸಲ ಬಂತಂತೆ ಎಂದು ಅವನು ನೆಲ ನೋಡುತ್ತ ಹೇಳಿದ. ಅವಳು ಒಂದು ಚೀಟಿಯಲ್ಲಿ ಧಾರವಾಡದ ಡಾಕ್ಟರರ ಹೆಸರು, ಫೋನ್ ನಂಬರ್ ಬರೆದು ಕೊಟ್ಟಳು.

"ಯಾರು ಕೊಟ್ರಂತ ಹೇಳಬ್ಯಾಡ್ರಿ. ಇದೊಂದು ಹೇಳಬ್ಯಾಡ್ರಿ."

ಶಂಭುಲಿಂಗಪ್ಪ ಮಗಳನ್ನು ತಡೆಯಲಿಲ್ಲ, ಅವನಿಗೆ ಕೂರಲೂ ಹೇಳಲಿಲ್ಲ. ಅವನು ಮೆಟ್ಟಿಲು ಇಳಿಯುವಾಗ, "ರೇಟ್ ಫೋನಿನ್ಯಾಗ ತಿಳಸ್ರಿ. ಇಷ್ಟು ದೂರ ಬರೂದು ಯಾಕ?" ಎಂದರು.

ತಾರಿಹಾಳದಲ್ಲಿ ರಾಜಶೇಖರಪ್ಪ ಚೀಟಿಯನ್ನು ಎರಡು ಸಲ ಓದಿದರು. ಕಣ್ಣು ತುಂಬಿಕೊಂಡು, ಚಹಾ ತರಲು ಕೂಗಿ ಹೇಳಿ, ಗಾದಿಯ ಮೇಲೆ ಅವನಿಗೆ ಜಾಗ ಬಿಟ್ಟರು.

"ಕುಂದರ್ರಿ ಗುರುಪಾದಪ್ಪಾರ. ಯಾರು ಕೊಟ್ಟಾರ್ರಿ ಇದನ್ನ? ಆ ಕಥ್ಯಾಗಿನ ಹುಡಿಗಿ ಅಪ್ಪ ಏನು? ನನ್ನ ಮುಂದ ಏನ್ ಮುಚ್ಚುಮರಿ, ಹೇಳ್ರಿ."

ಗುರುಪಾದಪ್ಪನ ಗಂಟಲಲ್ಲಿ ಇಡೀ ಕಥೆ ಬಂದು ನಿಂತಿತ್ತು. ಅವನು ಕೂರಲಿಲ್ಲ. ಜೇಬಿನಿಂದ ಪೊಟ್ಟಣ ತೆಗೆದು ಬಿಚ್ಚಿ, ಕಡಲೆಯನ್ನು ಅವರ ಮುಂದೆ ಹಿಡಿದ.

"ಮಾಲು ನೋಡ್ರಿ," ಎಂದ. "ರೇಟ್ ಹೇಳ್ರಿ."

ರಾಜಶೇಖರಪ್ಪ ಬೆಪ್ಪಾಗಿ ಅವನ ಮುಖ ನೋಡಿದರು. "ಏನಾತ್ರಿ? ನನ್ನ ಮ್ಯಾಲೆ ಸಿಟ್ಟಾಗೀರೇನು?"

ಗುರುಪಾದಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿ, ಕಡಲೆಯ ಪೊಟ್ಟಣವನ್ನು ಇನ್ನೂ ಹತ್ತಿರ ಹಿಡಿದ.