ಬಾತುಕೋಳಿ, ಎಣ್ಣೆ ಕ್ಯಾನು, ಆಕಳ ಹಗ್ಗ

ಗದಗ ಬೇರೆ ಜಿಲ್ಲೆಯಾದ ಮೇಲೆ ನಮಗೆ ಒಂದೊಂದಾಗಿ ಎಲ್ಲವೂ ಬಂದವು. ದೊಡ್ಡ ಸಾಹೇಬರು ಬಂದರು, ದೊಡ್ಡ ಕಚೇರಿ ಬಂತು, ಎಷ್ಟೋ ವರ್ಷದ ಮೇಲೆ ಮುಂಡರಗಿ ರಸ್ತೆಯಲ್ಲಿ ಒಂದು ರೆಸಾರ್ಟೂ ಬಂತು. ನಳದ ನೀರು ಮಾತ್ರ ಮೊದಲಿನ ಹಾಗೆಯೇ ತನಗೆ ಮನಸ್ಸಾದಾಗ ಬರುತ್ತಿತ್ತು. ನೀರು ಬರುವ ದಿನ ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರೂ ಮದುವೆ ಮುಂಜಿಗೂ ಹೋಗುತ್ತಿರಲಿಲ್ಲ. ಹಂಡೆ, ಕೊಡ, ಬಕೀಟು ಮುಗಿದು ಕೊನೆಗೆ ಚಹಾದ ಪಾತ್ರೆಯನ್ನೂ ತುಂಬಿಡುತ್ತಿದ್ದ ನನ್ನ ಅತ್ತೆಗೆ, ಆ ರೆಸಾರ್ಟಿನಲ್ಲಿ ಬರೀ ಆಡುವುದಕ್ಕೆಂದೇ ಒಂದು ಹೊಂಡ ನೀರು ನಿಲ್ಲಿಸಿದ್ದಾರೆ ಎಂದರೆ ನಂಬಿಕೆಯೇ ಬರಲಿಲ್ಲ.

"ಕುಡಿಯಾಕಲ್ಲ?"

"ಅಲ್ರಿ ಅತ್ತಿ."

"ದನದ ಮೈ ತೊಳಿಯಾಕೂ ಅಲ್ಲ?"

"ಬರೇ ಹುಡುಗುರು ಈಜಾಡಾಕ್ರಿ."

"ಹಂಗಾರ ನಾನೂ ಬರತೇನಿ. ನೋಡೇ ಬಿಡೂಣು."

ಹೋಗುವುದಕ್ಕೆ ಕಾರಣ ನನ್ನ ಮಗಳು. ಆಗ ಅವಳಿಗೆ ಆರು ವರ್ಷ. ರಜೆಗೆಂದು ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಗಂಡನ ಅಕ್ಕನ ಮಗ ಅವಳ ವಾರಿಗೆಯವನೇ, ಈಜು ಕಲಿತಿದ್ದ. ಬಂದ ದಿನವೇ ಟ್ರಂಕಿನ ಮೇಲೆ ಹತ್ತಿ ಹಾಸಿಗೆಗೆ ಧುಮುಕಿ ತೋರಿಸಿ, ಗಾದಿಯ ಹೊಲಿಗೆ ಬಿಚ್ಚಿಸಿದ. ಮಗಳು ರಾತ್ರಿ ಊಟದ ಹೊತ್ತಿಗೆ ನನ್ನ ಮಗ್ಗುಲಿಗೆ ಬಂದು ಕೇಳಿದಳು: "ಅವ್ವಾ, ಅವನಂಗ ಏನೂ ಕಟ್ಟಿಗೊಳ್ಳದ ಒಂದ ಸಲ ನೀರಾಗ ಇಳೀಲೇನ? ಒಂದ ಸಲ."

"ನೋಡೂಣು" ಅಂದೆ. ತಾಯಂದಿರ ಬಾಯಲ್ಲಿ 'ನೋಡೂಣು' ಅಂದರೆ 'ಇಲ್ಲ' ಅಂತ ಅವಳಿಗೆ ಅಷ್ಟರಲ್ಲೇ ತಿಳಿದಿತ್ತು. ಮುಖ ಸಣ್ಣದು ಮಾಡಿಕೊಂಡು ರೊಟ್ಟಿ ಮುರಿದಳು.

ನನಗೆ ನೀರೆಂದರೆ ಬಾವಿ. ತವರು ಶಿರಹಟ್ಟಿ ಕಡೆಯ ಹಳ್ಳಿ. ಹೊಲದ ಬಾವಿಯಲ್ಲಿ ನಮ್ಮ ಅಣ್ಣಂದಿರು ಬೆನ್ನಿಗೆ ಖಾಲಿ ಡಬ್ಬಿ, ನಡುವಿಗೆ ಹಗ್ಗ ಕಟ್ಟಿಕೊಂಡು ಈಜು ಕಲಿತರು. ಹಗ್ಗದ ಇನ್ನೊಂದು ತುದಿ ಮೇಲೆ ನಿಂತ ಅಪ್ಪನ ಕೈಯಲ್ಲಿರುತ್ತಿತ್ತು. ಹೆಣ್ಣುಮಕ್ಕಳಿಗೆ ಮಾತ್ರ "ಬಗ್ಗಿ ನೋಡಬ್ಯಾಡ, ಬಾವಿ ಕರೀತೈತಿ" ಎಂದು ಹೇಳಿ ಪಾಠ ಮುಗಿಸಿದ್ದರು. ಕೊಡ ಜಾರಿ ಬಿದ್ದರೆ ಪಾತಾಳಗರಡಿ ಇಳಿಸಿ, ಅದರ ಕಬ್ಬಿಣದ ಕೊಕ್ಕೆಗಳಿಂದ ಅರ್ಧ ದಿನ ತಡಕಾಡಿದರೂ ಒಮ್ಮೊಮ್ಮೆ ಸಿಗುತ್ತಿರಲಿಲ್ಲ. ಕೊಡವೇ ಸಿಗದ ಕಡೆ ಕೂಸು ಸಿಗುತ್ತದೆಯೇ? ನನ್ನ ಹೆದರಿಕೆ ಖರೇ ಹೆದರಿಕೆ. ಇವತ್ತಿಗೂ ಅದಕ್ಕೆ ಯಾರಾದರೂ ನಕ್ಕರೆ ನನಗೆ ಸಿಟ್ಟು ಬರುತ್ತದೆ.

ನನ್ನ ಗಂಡ ಪೇಟೆಯಿಂದ ಗಾಳಿ ತುಂಬುವ ಎರಡು ತೋಳಪಟ್ಟಿ ಮತ್ತು ಒಂದು ಹಳದಿ ಬಾತುಕೋಳಿಯ ಟ್ಯೂಬು ತಂದರು. ಬಾಯಿಂದಲೇ ಊದಿದರು. ಬಾತುಕೋಳಿಯ ಕುತ್ತಿಗೆ ನೆಟ್ಟಗಾಗುವ ಹೊತ್ತಿಗೆ ಇವರ ಕುತ್ತಿಗೆ ವಾಲಿ, ಗೋಡೆಗೆ ಒರಗಿ ಕೂತರು. ಅತ್ತೆ ಒಂದೊಂದನ್ನೂ ಬದನೆಕಾಯಿ ಆರಿಸುವಂತೆ ಒತ್ತಿ ನೋಡಿದರು.

"ಇದರಾಗೇನೈತಿ?"

"ಗಾಳಿ ಬೇ ಯವ್ವಾ."

"ಗಾಳಿ ನಂಬಿ ಕೂಸಿನ್ನ ನೀರಿಗಿ ಬಿಡತೀರಿ? ಬಾಳ ಶಾಣ್ಯಾರದೀರಿ ಬಿಡ್ರಿ."

ಒಳಗೆ ಹೋಗಿ ಶೇಂಗಾ ಎಣ್ಣೆಯ ಖಾಲಿ ಕ್ಯಾನು ತಂದರು, ಹಿತ್ತಲಿನಿಂದ ಆಕಳ ಹಗ್ಗ ಬಿಚ್ಚಿಕೊಂಡು ಬಂದರು. ನಾನು ಬೇಡ ಅನ್ನಲಿಲ್ಲ, ನನಗೆ ಧೈರ್ಯವೇ ಬಂತು. ಅತ್ತೆ ಸೊಸೆ ಒಂದೇ ಮಾತಿಗೆ ಬಂದದ್ದನ್ನು ಕಂಡು ನನ್ನ ಗಂಡ ಗಾಬರಿಯಾದರು.

ರೆಸಾರ್ಟಿನಲ್ಲಿ ಅವರು ನೆರಳು ಹುಡುಕಿಕೊಂಡು ಮಲಗಿದರು. ನಾವು ಮಕ್ಕಳ ಕೊಳಕ್ಕೆ ಹೋದೆವು. ಗೋಡೆಯ ಮೇಲೆ 'ಮೂರು ಅಡಿ' ಎಂದು ಬರೆದಿತ್ತು. ನಾನು ಓದಿದೆ. ಓದಿದ್ದು ತಲೆಗೆ ಹೋಯಿತೇ ಹೊರತು ಹೊಟ್ಟೆಗೆ ಇಳಿಯಲಿಲ್ಲ. ಕೊರಳಿಗೆ ಸೀಟಿ ಕಟ್ಟಿಕೊಂಡು ನಿಂತಿದ್ದ ಕಾವಲಿನವನನ್ನು ಅತ್ತೆ ಕೇಳಿದರು: "ಯಪ್ಪಾ, ಪಾತಾಳಗರಡಿ ಇಟ್ಟೀರಿಲ್ಲೋ?"

"ಇಲ್ರಿ ಅಜ್ಜಿ, ಗೋಬಿ ಐತಿ. ಮಿರ್ಚಿ ಬೇಕಂದ್ರ ಹೇಳಿ ಮಾಡಸ್ತೇನಿ."

ಅತ್ತೆ ಅವನ ಆಸೆಯನ್ನು ಅಲ್ಲಿಗೇ ಬಿಟ್ಟರು. ಕ್ಯಾನು ನೋಡಿ ಅವನು ತಕರಾರು ತೆಗೆದ, ನೀರಿಗೆ ಎಣ್ಣೆ ಬಿಡುತ್ತದೆ ಅಂತ. "ಸೀಗಿಕಾಯಿ ಹಾಕಿ ತೊಳದೇನಿ. ನಿಮ್ಮ ನೀರಿಗಿಂತ ನಮ್ಮ ಕ್ಯಾನ್ ಸ್ವಚ್ಛ ಐತಿ" ಎಂದು ಅತ್ತೆ ಅವನನ್ನು ದಾಟಿಯೇ ಹೋದರು.

ಎರಡು ತೋಳಿಗೆ ಪಟ್ಟಿ, ನಡುವಿಗೆ ಬಾತುಕೋಳಿ, ಬೆನ್ನಿಗೆ ಕ್ಯಾನು, ಅದೆಲ್ಲವನ್ನೂ ಸುತ್ತಿದ ಹಗ್ಗ. ಮಗಳಿಗೆ ಕೈ ಇಳಿಬಿಡುವುದಕ್ಕೂ ಆಗುತ್ತಿರಲಿಲ್ಲ. ನಾವಿಬ್ಬರೂ ಎತ್ತಿ ನೀರಿನ ಮೇಲಿಟ್ಟೆವು. ಇಟ್ಟ ಹಾಗೆಯೇ ಕೂತಳು.

"ಗ್ಯಾಸ್ ಸಿಲಿಂಡರ್ ಬಂತಲೇ!" ಎಂದು ಹುಬ್ಬಳ್ಳಿಯ ಹುಡುಗ ಕೂಗಿದ.

ಮಗಳು ಸ್ವಲ್ಪ ಹೊತ್ತು ತಿರುಗಣಿಯ ಹಾಗೆ ಸುತ್ತಿ, ಅಳುವ ದನಿಯಲ್ಲಿ ಹೇಳಿದಳು: "ಅವ್ವಾ, ನನಗ ನೀರ ತಾಗವಲ್ದು."

ನಿಜ. ಪಾದ ಬಿಟ್ಟರೆ ಮೈಯೂ ಅಂಗಿಯೂ ಒಣಗಿಯೇ ಇದ್ದವು.

"ತಾಗಬಾರದಂತನ ಕಟ್ಟೇವಿ."

"ಒಂದ ಬಿಚ್ಚ. ಬಾತುಕೋಳಿ ಇರಲಿ, ಬ್ಯಾರೇವು ಬಿಚ್ಚ."

"ಸುಮ್ನಿರು. ಮಾತಾಡಿದ್ರ ಬಾಯಾಗ ನೀರ ಹೋಗತೈತಿ."

ಅತ್ತೆ ಹಗ್ಗ ಹಿಡಿದು ದಂಡೆಯ ಮೇಲೆ ಎಮ್ಮೆ ನೀರಿಗೆ ಹೊಡೆದುಕೊಂಡು ಹೋದಂತೆ ಸುತ್ತುತ್ತಿದ್ದರು. ಯಾರೋ ಫೋಟೋ ತೆಗೆದರು. ಮಗಳು ತಲೆ ತಗ್ಗಿಸಿದಳು. ಅವಳ ಕಣ್ಣಿನಿಂದ ಬಿದ್ದದ್ದೇ ಅವಳ ಮುಖಕ್ಕೆ ತಾಗಿದ ಮೊದಲ ನೀರು. ನಾನು ಅದನ್ನು ಕಂಡೆ. ಆದರೂ ಬಿಚ್ಚಲಿಲ್ಲ.

ಆಗ ಆ ಹುಡುಗ ಅವಳ ಪಕ್ಕದಲ್ಲೇ ಧಡಾರನೆ ಧುಮುಕಿದ. ಮುಖದ ತುಂಬ ನೀರು ಎರಚಿದ್ದಕ್ಕೆ ಮಗಳು ಖುಷಿಯಿಂದ ಕಿರುಚಿದಳು. ಅತ್ತೆಗೆ ಕೇಳಿಸಿದ್ದು ಕಿರುಚಿದ್ದಷ್ಟೇ. "ಮುಳುಗಿತು ಕೂಸು!" ಎಂದು, ಇಡೀ ಆಯುಷ್ಯ ಬಾವಿ ಸೇದಿದ ಕೈಯಿಂದ ಹಗ್ಗ ಜಗ್ಗಿದರು. ಸಡಿಲಾಗಿ ಬಿದ್ದಿದ್ದ ಹಗ್ಗದ ಸುರುಳಿಯಲ್ಲಿ ನನ್ನ ಕಾಲಿತ್ತು. ಹಗ್ಗ ಮಗಳ ನಡುವಿನಿಂದ ಜಾರಿ ಕ್ಯಾನಿನ ಸಮೇತ ದಂಡೆಗೆ ಬಂತು, ನಾನು ದಂಡೆಯಿಂದ ನೀರಿಗೆ ಹೋದೆ. ಅತ್ತೆ ಕ್ಯಾನನ್ನು ಕಾಪಾಡಿದ್ದರು.

ಮೂಗು, ಬಾಯಿ, ಕಿವಿ, ಎಲ್ಲ ನೀರು. ನಾನು ಆ ಹೊಲದ ಬಾವಿಯಲ್ಲೇ ಇದ್ದೆ. ಕೈ ಬಡಿದೆ, ಕಾಲು ಬಡಿದೆ, ಮನೆದೇವರನ್ನು ಕರೆದೆ. ಮೇಲಿನಿಂದ ಸೀಟಿ ಕೇಳಿಸಿತು: "ಮೇಡಂ, ಸೀರಿ ಉಟ್ಕೊಂಡ ಇಳಿಯಾಂಗಿಲ್ರಿ!" ಸಾಯುವ ಹೊತ್ತಿನಲ್ಲೂ ನನಗೆ ಅವನ ಮೇಲೆ ಸಿಟ್ಟು ಬಂತು.

ಮುಖಕ್ಕೆ ಏನೋ ಮೆತ್ತಗೆ ಬಡಿಯಿತು. ಬಾತುಕೋಳಿ. ಮಗಳು ಅದನ್ನು ತನ್ನ ನಡುವಿನಿಂದ ಕಳಚಿ ನನ್ನತ್ತ ನೂಕಿದ್ದಳು. ನಾನು ಅದರ ಕುತ್ತಿಗೆಯನ್ನು ಅಪ್ಪಿಕೊಂಡೆ. ಅವಳು ತೋಳಪಟ್ಟಿಗಳನ್ನೂ ಕಿತ್ತು ನನ್ನ ಕೈಗೆ ಏರಿಸಲು ನೋಡಿದಳು, ನಾಲ್ಕು ಬೆರಳಿಗಿಂತ ಮೇಲೆ ಏರಲಿಲ್ಲ. ಕಣ್ಣು ಬಿಟ್ಟೆ. ಏನೂ ಕಟ್ಟಿಕೊಳ್ಳದ ನನ್ನ ಮಗಳು ಎದೆಮಟ್ಟದ ನೀರಿನಲ್ಲಿ ನನ್ನೆದುರು ನಿಂತಿದ್ದಳು.

"ಅವ್ವಾ, ಕಾಲ ಕೆಳಗ ಬಿಡು. ನೆಲಾ ಐತಿ."

"ಇಲ್ಲಾ! ಇಲ್ಲಾ!"

"ಐತಿ ಅವ್ವಾ. ನಾ ನಿಂತೇನಲ್ಲ?"

ಅವಳೇ ನೀರೊಳಗೆ ಕೈ ಹಾಕಿ ನನ್ನ ಮೊಣಕಾಲು ಒತ್ತಿದಳು. ಹೆಬ್ಬೆರಳಿಗೆ ತಣ್ಣನೆಯ ಫರಸಿ ಕಲ್ಲು ತಾಗಿತು. ನಿಂತೆ. ನೀರು ನಡುಮಟ್ಟಕ್ಕಿತ್ತು. ನಾಚಿಕೆಯಾಯಿತು, ನಗು ಬಂತು, ಅದರ ಜೊತೆಗೆ ಅಳುವೂ ಬಂತು. ನೀರಿಗೂ ನೆಲ ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ದಂಡೆಯ ಮೇಲೆ ಅತ್ತೆ ಕ್ಯಾನು ತಬ್ಬಿಕೊಂಡು ನಿಂತಿದ್ದರು. "ಖರೇನ ನೆಲಾ ಐತೇನವಾ?"

"ಐತ್ರಿ ಅತ್ತಿ. ನುಣ್ಣಗೈತಿ."

ಅತ್ತೆ ಕ್ಯಾನನ್ನೂ ಹಗ್ಗವನ್ನೂ ಕಾವಲಿನವನ ಕೈಗೆ ಕೊಟ್ಟು, ನೆರಿಗೆ ಎತ್ತಿ ಕಟ್ಟಿ, ಮೆಟ್ಟಿಲಿಳಿದು ಬಂದೇಬಿಟ್ಟರು. ಅವನು ಸೀಟಿ ಬಾಯಿಗೆ ತಂದವನು ಏನೆನಿಸಿತೋ ಕೆಳಗೆ ಬಿಟ್ಟ. "ಇಷ್ಟ ನೀರ! ಒಂದ ಕೊಡಾರ ತರಬೇಕಿತ್ತು" ಎನ್ನುತ್ತ ಅತ್ತೆ ಮೊಮ್ಮಗಳ ಒಂದು ಕೈ ಹಿಡಿದರು. ಇನ್ನೊಂದು ಕೈ ನಾನು ಹಿಡಿದಿದ್ದೆ. ಕೂಸನ್ನು ಹಿಡಿದುಕೊಂಡಿದ್ದೇವೆ ಅಂತ ಇಬ್ಬರೂ ತಿಳಿದಿದ್ದೆವು. ಕಾಲೆತ್ತಿ ಇಡುವುದಕ್ಕೆ ಹೋದಾಗಲೇ ಗೊತ್ತಾದದ್ದು, ಹಿಡಿದುಕೊಂಡವಳು ಅವಳು.

ನಮ್ಮನ್ನು ನಾಲ್ಕು ಹೆಜ್ಜೆ ನಡೆಸಿ ಮಗಳು ಹೇಳಿದಳು: "ಈಗರ ಬಿಡ್ರಿ. ನೀವಿಬ್ಬರೂ ಬಿಟ್ರ ನಾ ಈಜತೇನಿ."

ಅತ್ತೆ ಬಿಟ್ಟರು. ನಾನೂ ಬಿಡಬೇಕೆಂದೇ ಇದ್ದೆ, ಬೆರಳು ಮಾತು ಕೇಳಲಿಲ್ಲ. ಮಗಳು ಜಗ್ಗಲಿಲ್ಲ, ಸಿಟ್ಟಾಗಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಇಲ್ಲೇ ನಿಂತಿರು ಅವ್ವಾ, ಬಂದೆ" ಎಂದು ಹೋದಳು.