ವಾಪಸು ಬಂದಿದ್ದ ತೊಟ್ಟಿಲು

ಪ್ರಮಾಣ ಮಾಡಿ ಸುಳ್ಳು ಹೇಳಿದವನು ನಾನು. ಬಳ್ಳಾರಿಯಲ್ಲಿ ಗ್ರಾಹಕರ ದೂರು ಕೇಳುವ ವೇದಿಕೆಯ ಮುಂದೆ, ಹಣೆಯ ತುಂಬ ವಿಭೂತಿ ಇಟ್ಟುಕೊಂಡು, ತಲೆ ಎತ್ತಿ ನಿಂತು ಹೇಳಿದೆ. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಮನೆಯಲ್ಲಿ ಉಪವಾಸವಿರಲಿಲ್ಲ, ಹೊಸಪೇಟೆಯಲ್ಲಿ ನನ್ನ ಪಾತ್ರೆ ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಆದ್ದರಿಂದ ನೀಲಮ್ಮ, ಇದನ್ನು ಓದುವಾಗ ನನ್ನ ಪರವಾಗಿ ಕಾರಣ ಹುಡುಕಲು ಹೋಗಬೇಡಿ. ಒಂಬತ್ತು ವರ್ಷ ನಾನೇ ಹುಡುಕಿದ್ದೇನೆ — ಸಿಕ್ಕಿಲ್ಲ.

ಇದನ್ನು ಪತ್ರಿಕೆಗೆ ಕೊಡುತ್ತೇನೆ ಎಂದಾಗಿನಿಂದ ನನ್ನ ಮಗ ಮಾತು ಬಿಟ್ಟಿದ್ದಾನೆ. ಪೇಟೆಯ ಹಿರಿಯರಿಬ್ಬರು ಮನೆಗೇ ಬಂದು, ಹಳೆಯದನ್ನು ಕೆದಕಿದರೆ ಎಲ್ಲ ವ್ಯಾಪಾರಸ್ಥರ ಹೆಸರೂ ಕೆಡುತ್ತದೆ ಎಂದು ಬುದ್ಧಿ ಹೇಳಿ, ನಮ್ಮದೇ ಚಹಾ ಕುಡಿದು ಹೋದರು. ಹೇಳಲಿ. ಎಲ್ಲರ ಹೆಸರು ಕಾಯುವ ಗುತ್ತಿಗೆಯನ್ನು ನಾನು ಹಿಡಿದಿಲ್ಲ. ಕೆಟ್ಟದ್ದು ಒಂದೇ ಹೆಸರು, ಅದು ನಿಮ್ಮದು, ಕೆಡಿಸಿದವನು ನಾನು. ನಿಮಗೆ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ, ಊರಿಗೂ ತಿಳಿಯಲಿ.

ಕಾಲುವೆ ನೀರು ಹರಿದು ಕಂಪ್ಲಿ ಕಡೆಯ ಗದ್ದೆಗಳೆಲ್ಲ ಭತ್ತ, ಕಬ್ಬು, ಬಾಳೆ ಕಂಡ ಮೇಲೆ ಜನರ ಆಸೆಯೂ ಬೇರೆಯಾಗಿತ್ತು. ತವರಿನವರು ಬಡಿಗನಿಂದ ಮಾಡಿಸಿದ ಮರದ ತೊಟ್ಟಿಲು ಕಳಿಸಿದರೆ ಬೀಗರು ಮೂಗು ಮುರಿಯುತ್ತಿದ್ದರು. ಕಬ್ಬಿಣದ ಪೈಪಿನದೇ ಬೇಕು, ಮಡಚಿ ಇಡುವಂಥದ್ದು ಬೇಕು, ಕನ್ನಡಿಯಂತೆ ಹೊಳೆಯಬೇಕು. ನಾನು ಒಂದು ಲಾರಿಯಲ್ಲಿ ಹನ್ನೆರಡು ತರಿಸಿದೆ. ಕಾಲುಗಳನ್ನು ಅಗಲಿಸಿ ನಡುವೆ ಒಂದು ಪಿನ್ನು ತೂರಿಸಿದರೆ ತೊಟ್ಟಿಲು ನಿಲ್ಲುತ್ತಿತ್ತು. ಎಲ್ಲ ಭಾರವೂ ಆ ಪಿನ್ನಿನ ಮೇಲೆ.

ಮೊದಲನೆಯದು ಕಡ್ಡಿರಾಂಪುರಕ್ಕೆ ಹೋಯಿತು, ನಾಲ್ಕೇ ದಿನಕ್ಕೆ ವಾಪಸು ಬಂತು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ರುಬ್ಬುವ ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ, ಅದನ್ನೇ ಕೂಸೆಂದು ಮಲಗಿಸಿ ತೂಗುತ್ತಾರಲ್ಲ — ಹಾಗೆ ಎರಡು ಸಲ ತೂಗುವಷ್ಟರಲ್ಲಿ ಪಿನ್ನು ಜಾರಿ, ತೊಟ್ಟಿಲು ಮಡಚಿಕೊಂಡು, ಕಲ್ಲು ನೆಲಕ್ಕೆ ಬಿತ್ತಂತೆ. ಅವರು ಅದನ್ನು ಅಪಶಕುನವೆಂದು ತಿಳಿದರು. ತೊಟ್ಟಿಲು ಕೆಟ್ಟಿದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ಇಂಥ ವಸ್ತು ಮನೆಯಲ್ಲಿ ಬೇಡ ಎಂದು ಮರದ್ದೊಂದನ್ನು ಬದಲಿಗೆ ಒಯ್ದರು. ನನಗೆ ಹೊಳೆಯಿತು. ಪಿನ್ನನ್ನು ತೆಗೆದು ನೋಡಿದೆ, ತೂತಿಗಿಂತ ಸಣ್ಣದಿತ್ತು. ಸುತ್ತಿಗೆಯಿಂದ ಎರಡು ಪೆಟ್ಟು ಹಾಕಿ, ಅಗಲ ಮಾಡಿ, ಬಿಗಿಯಾಗಿ ಕೂರಿಸಿದೆ. ಅವರು ಹಚ್ಚಿದ್ದ ಅರಿಶಿಣ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಮುಂದಿನ ಸಾಲಿನಲ್ಲಿ ಇಟ್ಟೆ.

ಅದನ್ನೇ ನಿಮ್ಮ ಅಣ್ಣ ಒಯ್ದರು. ಸಂಡೂರಿನ ಗಣಿಯಲ್ಲಿ ದುಡಿಯುವ ಮನುಷ್ಯ, ತಂಗಿಯ ಚೊಚ್ಚಲ ಕೂಸಿಗೆ ತವರಿನ ತೊಟ್ಟಿಲು ಎಂದು ಎಲ್ಲಕ್ಕಿಂತ ಹೆಚ್ಚು ಹೊಳೆಯುವುದನ್ನು ಆರಿಸಿದರು. ಅದು ಹೊಳೆಯುತ್ತಿದ್ದದ್ದು ನಾನು ಒರೆಸಿದ್ದರಿಂದ. ಆಗಲೇ ಬಾಯಿ ಬಿಡಬಹುದಿತ್ತು — ಇದಲ್ಲ, ಬೇರೆಯದು ನೋಡಿರಿ ಎಂಬ ಒಂದು ಮಾತು ಸಾಕಿತ್ತು. ಬಿಲ್ಲು ಬರೆದುಕೊಟ್ಟೆ.

ಕಂಪ್ಲಿಯ ನಿಮ್ಮ ಅತ್ತೆಮನೆಯಲ್ಲಿ ಗುಂಡುಕಲ್ಲು ಬೀಳಲಿಲ್ಲ. ನನ್ನ ಸುತ್ತಿಗೆಯ ಪೆಟ್ಟು ಅಷ್ಟು ದಿನಕ್ಕೆ ಸಾಕಾಗಿತ್ತು. ಹನ್ನೊಂದನೆಯ ದಿನ ಮಧ್ಯಾಹ್ನ ನೀವು ತೂಗುತ್ತಿದ್ದಾಗ ಪಿನ್ನು ಜಾರಿತು, ಕೂಸು ಬಿತ್ತು, ಎಡ ಮೊಣಕೈ ಮುರಿಯಿತು.

ವಾರದ ಮೇಲೆ ನೀವು ಆ ತೊಟ್ಟಿಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಒಬ್ಬರೇ ಬಂದಿರಿ. ಜಗಳಕ್ಕೆ ಬಂದಿದ್ದೀರಿ ಎಂದು ನಾನು ಟೊಂಕ ಕಟ್ಟಿಕೊಂಡೇ ಕುಳಿತಿದ್ದೆ. ನೀವು ಕೇಳಿದ್ದು ಬೇರೆಯೇ.

"ಬದಲಿ ಬ್ಯಾಡ್ರಿ ನನಗ. ತೊಟ್ಟಿಲದಾಗ ದೋಷ ಇತ್ತು ಅಂತ ಒಂದು ಚೀಟಿ ಬರದು ಕೊಡ್ರಿ. ನಮ್ಮ ಅತ್ತೆವ್ವಗ ತೋರಸ್ತೀನಿ."

ಅಷ್ಟೇ. ಒಂದು ಸಾಲು. ಮನೆಯಲ್ಲಿ ಎಲ್ಲರೂ ನಿಮ್ಮ ಕೈಯನ್ನು ದೂರುತ್ತಿದ್ದರು, ನಿಮಗೆ ಬೇಕಾಗಿದ್ದದ್ದು ನಿಮ್ಮ ಹೆಸರು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವರ ಮುಂದೆ ನನ್ನ ಮಾಲು ಕೆಟ್ಟದ್ದು ಎಂದು ನಾನೇ ಬರೆದುಕೊಡುವುದೇ? ಅವರಿಗೂ ಕೇಳುವಂತೆ ಅಂದೆ:

"ಗುಂಡುಕಲ್ಲು ತಡದ ತೊಟ್ಟಿಲು ಕೂಸಿನ ಭಾರಕ್ಕ ಬೀಳತೈತೇನ್ರಿ? ತೂಗಿದ ಕೈ ನೋಡ್ಕೋರಿ ಮೊದಲ."

ಗಿರಾಕಿಗಳು ಹೌದು ಹೌದೆಂದು ತಲೆಯಾಡಿಸಿದರು. ಎಷ್ಟು ಚೆಂದದ ಮಾತು! ನಿಮ್ಮ ಬಸ್ಸಿಗಿಂತ ಮೊದಲೇ ಅದು ಕಂಪ್ಲಿ ಮುಟ್ಟಿತಂತೆ. ನೀವು ಅಳಲಿಲ್ಲ. ತೊಟ್ಟಿಲನ್ನು ಮಡಚಿ ಎತ್ತಿಕೊಂಡು, "ಆತ್ರಿ, ಬಳ್ಳಾರಿಯಾಗ ಕೇಳ್ತೀನಿ" ಎಂದು ಇಳಿದು ಹೋದಿರಿ.

ಕೊಂಡ ಮಾಲು ಕೆಟ್ಟಿದ್ದರೆ ಕೇಳುವ ಹಕ್ಕಿದೆ, ಬಿಲ್ಲಿದ್ದರೆ ಸಾಕು ಎಂದು ನೀವು ರೇಡಿಯೋದಲ್ಲಿ ಕೇಳಿದ್ದಿರಂತೆ. ಆ ಕಾನೂನು ಬಂದು ಆಗ ಕೆಲವೇ ವರ್ಷ. ನಾವು ಪೇಟೆಯವರು ಅದನ್ನು ಮೀಸೆಯಡಿ ನಗುತ್ತ ಮಾತಾಡಿಕೊಳ್ಳುತ್ತಿದ್ದೆವು. ನೀವು ನಗಲಿಲ್ಲ, ಅರ್ಜಿ ಹಾಕಿದಿರಿ. ಅಣ್ಣ ಬಿಲ್ಲನ್ನು ಜೋಪಾನವಾಗಿ ಇಟ್ಟಿದ್ದರು. ಅತ್ತೆಮನೆಯಿಂದ ಯಾರೂ ಜೊತೆಗೆ ಬರಲಿಲ್ಲ. ಒಂದು ಕಂಕುಳಲ್ಲಿ ಕೈಗೆ ಪಟ್ಟಿ ಕಟ್ಟಿದ ಕೂಸು, ಇನ್ನೊಂದು ಕೈಯಲ್ಲಿ ತೊಟ್ಟಿಲು. ವಿಚಾರಣೆಯಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಒಂದೇ ಮುಖ್ಯವಾದದ್ದು — ಇಂಥ ತೊಟ್ಟಿಲನ್ನು ಇದಕ್ಕೆ ಮೊದಲು ಯಾರಾದರೂ ವಾಪಸು ತಂದಿದ್ದರೇ ಎಂದು.

"ಇಲ್ಲರಿ. ಒಂದೂ ಬಂದಿಲ್ಲ."

ನಿಮ್ಮ ಅರ್ಜಿ ಬಿದ್ದುಹೋಯಿತು. ವೇದಿಕೆಯವರನ್ನು ದೂರುವಂತಿಲ್ಲ. ಪ್ರಮಾಣ ಮಾಡಿ ಹೇಳಿದ್ದನ್ನು ನಂಬಿದರು. ನಾನು ಹೊಸಪೇಟೆಗೆ ಬಂದು, ಉಳಿದಿದ್ದ ಪೈಪಿನ ತೊಟ್ಟಿಲುಗಳನ್ನು ಸದ್ದಿಲ್ಲದೆ ಗುಜರಿಗೆ ಹಾಕಿದೆ. ಬೇರೆ ಕೂಸುಗಳು ಬೀಳಬಾರದು ಎಂಬಷ್ಟು ಮನುಷ್ಯತ್ವ ನನ್ನಲ್ಲಿತ್ತು ನೋಡಿ. ನಿಮಗೆ ಒಂದು ಸಾಲು ಬರೆಯುವಷ್ಟು —

ಎರಡು ವರ್ಷದ ಮೇಲೆ ನಿಮ್ಮ ಅತ್ತೆ ನನ್ನ ಅಂಗಡಿಗೇ ಬಂದರು. ನಿಮಗೆ ಎರಡನೆಯ ಕೂಸು ಹುಟ್ಟಿತ್ತು. ಈ ಸಲ ತವರಿನವರ ತೊಟ್ಟಿಲು ಬೇಡವೆಂದು ತಾವೇ ಮರದ್ದು ಕೊಳ್ಳಲು ಬಂದಿದ್ದರು. ನನ್ನ ಮೇಲೆ ಅವರಿಗೆ ಭಾಳ ವಿಶ್ವಾಸ. "ನಿಮ್ಮ ತೊಟ್ಟಿಲದಾಗ ಏನೂ ದೋಷ ಇದ್ದಿಲ್ಲ ಬಿಡ್ರಿ" ಎಂದರು. "ಈ ಸಲ ಆಕಿಗೆ ತೂಗಾಕ ಬಿಡಂಗಿಲ್ಲ. ನನ್ನ ಮಗಳು ತೂಗ್ತಾಳ."

ಹೆತ್ತ ತಾಯಿಗೆ ತೊಟ್ಟಿಲ ಹಗ್ಗ ಮುಟ್ಟುವ ಹಾಗಿಲ್ಲ. ಅದನ್ನು ಕೇಳಿಯೂ ನಾನು ಗಟ್ಟಿಮುಟ್ಟಾದ ತೊಟ್ಟಿಲು ತೋರಿಸಿದೆ, ಹಗ್ಗವನ್ನು ಎಳೆದು ಪರೀಕ್ಷೆ ಮಾಡಿ ಕೊಟ್ಟೆ, ಜೋಪಾನ ಅಮ್ಮಾ ಎಂದು ಉಪಚಾರದ ಮಾತನ್ನೂ ಸೇರಿಸಿದೆ. ವೇದಿಕೆಯ ಮುಂದಿನ ಸುಳ್ಳಿಗಿಂತ ಈ ಮೌನ ನನ್ನನ್ನು ಹೆಚ್ಚು ಸುಟ್ಟಿದೆ. ಅಲ್ಲಿ ಹೆದರಿಕೆಯಾದರೂ ಇತ್ತು. ಇಲ್ಲಿ ಹೆದರಿಸುವವರೇ ಇರಲಿಲ್ಲ, ಆದರೂ ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತದೆ.

ಹೋದ ತಿಂಗಳು ಒಂಬತ್ತು ಹತ್ತು ವರ್ಷದ ಒಬ್ಬ ಹುಡುಗಿ ತನ್ನ ಸೋದರತ್ತೆಯ ಜೊತೆ ಶಾಲೆಗೆ ಟಿಫಿನ್ ಡಬ್ಬಿ ಕೊಳ್ಳಲು ಬಂದಳು. ಮೇಲಿನ ಸಾಲಿನ ಡಬ್ಬಿಗೆ ಕೈ ಚಾಚಿದಳು, ಎಡಗೈ ಪೂರ್ತಿ ನೆಟ್ಟಗಾಗಲಿಲ್ಲ. ಊರು ಕೇಳಿದೆ, ಕಂಪ್ಲಿ ಎಂದಳು. ಕೈಗೆ ಏನಾಯಿತವ್ವ ಎಂದು ಕೇಳಬಾರದಿತ್ತೇನೋ, ಕೇಳಿಬಿಟ್ಟೆ.

"ಸಣ್ಣಾಕಿದ್ದಾಗ ನಮ್ಮವ್ವ ಕೆಡವಿದ್ಳಂತ" ಎಂದಳು. ಸಿಟ್ಟಿಲ್ಲ, ದುಃಖವಿಲ್ಲ, ಶಾಲೆಯ ಹೆಸರು ಹೇಳಿದ ಹಾಗೆ ಹೇಳಿ ಡಬ್ಬಿಯ ಮುಚ್ಚಳ ತೆಗೆದು ನೋಡತೊಡಗಿದಳು.

ಮರುದಿನವೇ ಬಳ್ಳಾರಿಗೆ ಹೋಗಿ ನಾನು ಸುಳ್ಳು ಹೇಳಿದ್ದೆ ಎಂದೆ. ಆ ಕಡತ ಎಂದೋ ಮುಗಿಯಿತು ಎಂದರು. ಮುಗಿದಿರಬಹುದು, ಅವರ ಕಪಾಟಿನಲ್ಲಿ. ಏನು ಬರೆದುಕೊಡಬೇಕೋ ಬರೆದು, ಸಹಿ ಹಾಕಿ, ಅವರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಏನು ಶಿಕ್ಷೆ ಕೊಟ್ಟರೂ ಬೇಡ ಎನ್ನುವುದಿಲ್ಲ. ಅಂಗಡಿ ಮುಳುಗುತ್ತದೆ ಎನ್ನುತ್ತಾನೆ ಮಗ. ಮುಳುಗಲಿ.

ನಿಮ್ಮ ಕ್ಷಮೆ ನನಗೆ ಬೇಡ, ನೀಲಮ್ಮ. ಕೇಳುವ ಯೋಗ್ಯತೆಯೂ ಇಲ್ಲ. ಒಂದು ಕೆಲಸ ಮಾಡಿ. ನಿಮ್ಮ ಅತ್ತೆಗೆ ಓದಲು ಬರುವುದಿಲ್ಲ, ನಿಮ್ಮ ಮಗಳಿಗೆ ಬರುತ್ತದೆ. ಮನೆಯವರೆಲ್ಲ ಪಡಸಾಲೆಯಲ್ಲಿ ಇರುವಾಗ ಈ ಪತ್ರಿಕೆಯನ್ನು ಅವಳ ಕೈಗೆ ಕೊಟ್ಟು ಜೋರಾಗಿ ಓದಿಸಿ. ಕೊನೆಯ ಸಾಲು ಅವಳಿಗೇ ಬರೆದದ್ದು.

ಮಗೂ, ನಿನ್ನನ್ನು ಕೆಡವಿದ್ದು ನಿಮ್ಮವ್ವ ಅಲ್ಲ. ನಾನು.