ಕಿಕ್ಕೇರಿಯ ಒರಗುಹಲಗೆ

ತಾನು ಮುಟ್ಟಿದ ಮರದ ಮೇಲೆ ಹೆಸರು ಕೆತ್ತುವ ಅಗತ್ಯವೇ ಇಲ್ಲ, ಕಣ್ಣಿಲ್ಲದವನೂ ಒಂದು ಸಲ ಕೈಯಾಡಿಸಿದರೆ ಇದು ಕಿಕ್ಕೇರಿ ಚಂದ್ರಶೇಖರಾಚಾರಿಯ ಕೆಲಸ ಅಂದುಬಿಡುತ್ತಾನೆ ಎಂದು ಚಂದ್ರಶೇಖರಾಚಾರಿ ಹೇಳಿಕೊಳ್ಳದೆ ಕಿಕ್ಕೇರಿಯಲ್ಲಿ ಸೂರ್ಯ ಮುಳುಗಿದ್ದೇ ಇಲ್ಲ. ಬಸ್‌ಸ್ಟ್ಯಾಂಡಿನ ಎದುರು ಚಿಕ್ಕಸ್ವಾಮಿಯ ಟೀ ಅಂಗಡಿಯೇ ಅವರ ಸಭೆ. ಅವರು ಕೂರಿಸಿದ ಬಾಗಿಲಿನ ಸಂದಿಯಲ್ಲಿ ಇರುವೆ ನುಗ್ಗಬೇಕಾದರೆ ಎರಡು ದಿನ ಉಪವಾಸ ಮಾಡಿ ಸಣ್ಣಗಾಗಬೇಕಿತ್ತಂತೆ. ಅಕ್ಕಿಹೆಬ್ಬಾಳಿನ ಒಂದು ಮನೆಗೆ ಹಾಕಿದ ಬಾಗಿಲಂತೂ ಎಷ್ಟು ಬಿಗಿಯೆಂದರೆ, ಒಳಗೆ ಮೆಣಸಿನಕಾಯಿ ಒಗ್ಗರಣೆ ಹಾಕಿದರೂ ಹೊರಗೆ ನಿಂತವನಿಗೆ ಸೀನು ಬರುತ್ತಿರಲಿಲ್ಲ. ಅಡುಗೆಯ ವಾಸನೆ ಹತ್ತದೆ ಆ ಮನೆಗೆ ನೆಂಟರು ಬರುವುದೇ ನಿಂತುಹೋಯಿತಂತೆ.

ಅಂಥ ಬಾಗಿಲಿಗೆ ಈಗ ಗಿರಾಕಿ ಇಲ್ಲ. ಕೆ.ಆರ್. ಪೇಟೆಯ ಅಂಗಡಿಗಳಲ್ಲಿ ರೆಡಿಮೇಡ್ ಬಾಗಿಲುಗಳು ಸಾಲಾಗಿ ನಿಂತಿವೆ. ಬೆಳಿಗ್ಗೆ ಆಟೋದಲ್ಲಿ ತಂದು ಮಧ್ಯಾಹ್ನಕ್ಕೆ ಹಾಕಿಸಿಕೊಳ್ಳುತ್ತಾರೆ, ಮಳೆಗಾಲದಲ್ಲಿ ಉಬ್ಬಿದರೆ ಒದ್ದು ತೆಗೆದು ಸಂಸಾರ ಮಾಡುತ್ತಾರೆ. ಅರವತ್ತೊಂದರ ಆಚಾರಿಗೆ ಉಳಿದದ್ದು ಕುಡುಗೋಲಿನ ಹಿಡಿ, ಮಂಚದ ಕಾಲು, ಶಾಮಿಯಾನದವರ ಮುರಿದ ಕುರ್ಚಿ. ಹೆಂಡತಿ ಮೂಗಮ್ಮ ಗಂಡನ ಉಳಿಯೊಂದನ್ನು ಎತ್ತಿಕೊಂಡು ಅದರಲ್ಲಿ ಕೊಬ್ಬರಿ ಎಬ್ಬಿಸತೊಡಗಿದಾಗ ಆಚಾರಿ ಬೇಡ ಅನ್ನಲಿಲ್ಲ. ಉಳಿಗೂ ಏನಾದರೊಂದು ಕೆಲಸ ಬೇಕಲ್ಲ.

ಹೀಗಿರುವಾಗ ಅಭಿಲಾಷ್ ಬಂದ. ದೊಡ್ಡ ಹಿಡುವಳಿಯ ಗೌಡರ ಮನೆಯವನು. ಮನೆಯ ಹಸುಗಳ ಹಾಲಿನ ವ್ಯವಹಾರ ನೋಡಿಕೊಂಡು, ಬಿಡುವಿನಲ್ಲಿ ಊರೂರು ಸುತ್ತಿ ಯೂಟ್ಯೂಬಿಗೆ ವಿಡಿಯೊ ಹಾಕುತ್ತಿದ್ದ. ಅವನ ಹೊಸ ಟೂರಿಂಗ್ ಬೈಕಿನ ಪಕ್ಕ ಎಮ್ಮೆ ನಿಲ್ಲಿಸಿದರೆ ಎಮ್ಮೆಯೇ ಸೊರಗಿದಂತೆ ಕಾಣುತ್ತಿತ್ತು. ಅದರಲ್ಲಿ ಗೋಕರ್ಣಕ್ಕೆ ಹೋಗಿಬರುವಷ್ಟರಲ್ಲಿ ಬೆನ್ನು ಹಿಡಿದುಕೊಂಡು, ಇಳಿದ ಮೇಲೂ ಎರಡು ದಿನ ಹ್ಯಾಂಡಲ್ ಹಿಡಿದವನ ಹಾಗೆಯೇ ಓಡಾಡಿದ್ದ. ಮುಂದೆ ಲಡಾಖಿಗೆ ಹೋಗುವವನಿದ್ದ. ಓಡಿಸುವವನ ಬೆನ್ನಿಗೆ ಒಂದು ಒರಗು ಬೇಕಿತ್ತು. ಅಂಗಡಿಯಿಂದ ತರಿಸಿದ್ದು ಬೈಕಿಗೂ ಕೂರಲಿಲ್ಲ, ಬೆನ್ನಿಗೂ ಕೂರಲಿಲ್ಲ.

ಆಚಾರಿ ಒಪ್ಪಿಕೊಂಡರು. ಏನು ಕೊಡಬೇಕು ಎಂದು ಅವನು ಕೇಳಿದಾಗ ಮೂಗಮ್ಮ ಒಳಗಿನಿಂದ ಕಿವಿಗೊಟ್ಟು ನಿಂತಿದ್ದಳು.

"ದುಡ್ಡು ಬ್ಯಾಡ ಗೌಡ್ರೇ. ದಾರೀಲಿ ಯಾರಾದ್ರೂ ಕೇಳುದ್ರೆ ನನ್ ಹೆಸರು ಹೇಳಿ. ಕಿಕ್ಕೇರಿ ಚಂದ್ರಶೇಖರಾಚಾರಿ ಅಂತ. ಅಷ್ಟು ಸಾಕು."

ಒಳಗೆ ಒಂದು ಪಾತ್ರೆ ಬೇಕಾದ್ದಕ್ಕಿಂತ ಜೋರಾಗಿ ಬಿತ್ತು. ಆಚಾರಿಯ ಲೆಕ್ಕವೇ ಬೇರೆ. ಅಭಿಲಾಷನ ವಿಡಿಯೊವನ್ನು ಲಕ್ಷಾಂತರ ಜನ ನೋಡುತ್ತಾರೆ. ಅವರಲ್ಲಿ ನಾಲ್ಕು ಜನ ಬಾಗಿಲು ಮಾಡಿಸುವವರಿರುವುದಿಲ್ಲವೇ?

ಅವರು ಗೋಣಿಚೀಲಕ್ಕೆ ಹಸಿ ಮರಳು ತುಂಬಿ, ಬೈಕಿನ ಹಿಂದಿನ ಸೀಟಿನ ಮೇಲೆ ಕಟ್ಟಿ, ಅಭಿಲಾಷನನ್ನು ಅದಕ್ಕೆ ಒರಗಿಸಿ ಕೂರಿಸಿದರು. ಅರ್ಧ ಗಂಟೆ ಉಸಿರಾಡಬಹುದು, ಮಾತಾಡುವಂತಿಲ್ಲ. ವಿಡಿಯೊ ಮಾಡುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಅವನು ಎದ್ದಾಗ ಮರಳಿನಲ್ಲಿ ಬೆನ್ನಿನ ಅಚ್ಚು ಬಿದ್ದಿತ್ತು. ಬಲಗಡೆ ಒಂದು ಬೆರಳು ಹೆಚ್ಚು ಆಳ. ಗೌಡರ ಮಗನ ಬೆನ್ನು ಸೊಟ್ಟ. ಆಚಾರಿ ಕಡ್ಡಿ ಇಟ್ಟು ಅಳೆದುಕೊಂಡರೇ ಹೊರತು ಏನೂ ಹೇಳಲಿಲ್ಲ. ನೂರಾರು ಮನೆಯ ಗೋಡೆಗೆ ಬಾಗಿಲು ಕೂರಿಸಿದವರು, ನೆಟ್ಟಗಿರುವ ಗೋಡೆಯನ್ನು ಎಲ್ಲೂ ಕಂಡಿರಲಿಲ್ಲ. ಸೊಟ್ಟ ಇದ್ದದ್ದಕ್ಕೆ ಅದರ ಸೊಟ್ಟ ನೋಡಿ ಕೂರಿಸುವುದೇ ಕಸುಬು.

ಹಲಸಿನ ಹಲಗೆಯನ್ನು ಆ ಅಚ್ಚಿನಂತೆ ತೋಡಿದರು. ಕಬ್ಬಿಣದ ಪಟ್ಟಿ ಕಾಯಿಸಿ ಬಗ್ಗಿಸಿ ಸೀಟಿನಡಿಯ ಬೋಲ್ಟಿಗೆ ಕೊಟ್ಟರು. ಮೊದಲ ಸಲ ಒರಗನ್ನು ಅಲುಗಾಡದಂತೆ ಬಿಗಿದು, ಹತ್ತಿ ಅಂದರು. ಅಭಿಲಾಷ್ ಕಾಲೆತ್ತಿದ; ಕಾಲು ಒರಗನ್ನು ದಾಟಲಿಲ್ಲ, ಹಿಂದಕ್ಕೂ ಬರಲಿಲ್ಲ. ಕೆರೆಯ ಕೊಕ್ಕರೆಯ ಹಾಗೆ ಒಂಟಿಕಾಲಿನಲ್ಲಿ ನಿಂತವನನ್ನು ಇಳಿಸಲು ಚಿಕ್ಕಸ್ವಾಮಿ ಟೀ ಪಾತ್ರೆ ಬಿಟ್ಟು ಓಡಿಬರಬೇಕಾಯಿತು. ಆಮೇಲೆ ಬಾಗಿಲಿನ ಕೀಲು ಹಾಕಿ, ಹತ್ತುವಾಗ ಮುಂದಕ್ಕೆ ಮಡಚುವಂತೆ ಮಾಡಿದರು. ತೆಂಗಿನ ನಾರು, ಅದರ ಮೇಲೆ ಸ್ಪಂಜು, ರೆಕ್ಸಿನ್ನು. ಹನ್ನೆರಡನೆಯ ದಿನ ಅಭಿಲಾಷ್ ಒರಗಿ ಕೂತವನು ಕಣ್ಣು ಮುಚ್ಚಿಬಿಟ್ಟ. ಇಂಜಿನ್ನು ಶುರುಮಾಡದಿದ್ದರೆ ಅಲ್ಲೇ ಗೊರಕೆ ಹೊಡೆಯುತ್ತಿದ್ದ.

ಲಡಾಖಿನ ವಿಡಿಯೊ ಬಂದ ದಿನ ಚಿಕ್ಕಸ್ವಾಮಿ ಬನ್ನಿನ ಡಬ್ಬಿಗೆ ಫೋನು ಒರಗಿಸಿ ಇಟ್ಟ. ಹನ್ನೊಂದು ತಲೆ ಅದರೊಳಕ್ಕೆ ಬಗ್ಗಿದವು. ಎಲ್ಲೋ ಹಿಮದ ನಡುವೆ ಪಂಜಾಬಿನ ಸವಾರನೊಬ್ಬ ಒರಗನ್ನು ಸವರಿ ಸವರಿ ನೋಡಿ, ಎಲ್ಲಿ ಸಿಕ್ಕಿತು ಎಂದು ಕೇಳಿದ. ಆಚಾರಿ ಲೋಟ ಕೆಳಗಿಟ್ಟು, ಲಡಾಖಿನವರಿಗೆ ತಾವು ಕಾಣಿಸುತ್ತೇವೇನೋ ಎಂಬಂತೆ ಹೆಗಲ ಟವೆಲ್ಲು ಸರಿಮಾಡಿಕೊಂಡರು. ಅಭಿಲಾಷ್ ಅವನಿಗೆ ಹಿಂದಿಯಲ್ಲಿ ಹೇಳಿ, ಊರಿನ ಕಡೆಯವರಿಗೆಂದು ಕನ್ನಡದಲ್ಲೂ ಹೇಳಿದ.

"ನಂದೇ ಡಿಸೈನು. ಊರಲ್ಲಿ ಯಾರೋ ಒಬ್ರು ಕಾರ್ಪೆಂಟರ್ ಹತ್ರ ಮಾಡುಸ್ದೆ."

ಯಾರೂ ಆಚಾರಿಯ ಮುಖ ನೋಡಲಿಲ್ಲ. ಅಲ್ಲಿ ಮೇಲೆ ಗಾಳಿ ಕಮ್ಮಿ, ಉದ್ದದ ಹೆಸರು ಹೇಳಲು ಉಸಿರು ಸಾಲದೆ ಹೋಗಿರಬೇಕು ಎಂದು ಅವರೇ ತಮಾಷೆ ಮಾಡಿದರು. ಅದಕ್ಕೆ ಯಾರೂ ನಗಲಿಲ್ಲ. ಜನ ನಕ್ಕಿದ್ದು ಚಿಕ್ಕಸ್ವಾಮಿಯ ಮಾತಿಗೆ.

"ಯಾರೋ ಒಬ್ರಿಗೆ ಇನ್ನೊಂದ್ ಟೀ ಕೊಡ್ಲಾ?"

ಮಾರನೆಯ ದಿನದಿಂದ ಅದೇ ಅವರ ಹೆಸರಾಯಿತು. ಯಾರೋ ಒಬ್ರು ಬಂದ್ರು, ಯಾರೋ ಒಬ್ರು ಹೋದ್ರು. ಆಚಾರಿ ಟೀ ಅಂಗಡಿಗೆ ಹೋಗುವುದನ್ನು ಬಿಟ್ಟರು. ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಅಷ್ಟು ತೋಡಿದ ಕೈಗೆ ನಾಲ್ಕಕ್ಷರ ಕೆತ್ತುವುದಕ್ಕೆ ಏನಾಗಿತ್ತು ಎಂದು ಮೂಗಮ್ಮ ಕೇಳಿದಳು. ಮೂರು ತಾಲ್ಲೂಕಿಗೆ ಕೇಳುವಷ್ಟು ಮಾತಾಡುತ್ತಿದ್ದ ಮನುಷ್ಯ ಎದ್ದು ಹೋಗಿ ಕುಡುಗೋಲಿನ ಹಿಡಿ ಕೆತ್ತತೊಡಗಿದರು. ಬಾಗಿಲು ಕೇಳಿಕೊಂಡು ಒಬ್ಬ ನರಪಿಳ್ಳೆಯೂ ಬರಲಿಲ್ಲ.

ಎಂಟು ತಿಂಗಳ ಮೇಲೆ ಅಭಿಲಾಷ್ ಕಾರಿನಲ್ಲಿ ಒಂದು ಒರಗು ಹಾಕಿಕೊಂಡು ಬಂದ. ಆಚಾರಿ ಮಾಡಿದ್ದನ್ನೇ ಅಳತೆಗೆ ಕೊಟ್ಟು, ಬೇರೆ ಊರಿನ ಕಾರ್ಖಾನೆಯಲ್ಲಿ ಅಂಥವೇ ನಲವತ್ತು ಮಾಡಿಸಿ, ತನ್ನ ಹೆಸರು ಅಚ್ಚು ಹಾಕಿಸಿ ಮಾರಿದ್ದನಂತೆ. ಕೊಂಡವರೆಲ್ಲ ಬೈಯುತ್ತಿದ್ದರು. ನಲವತ್ತು ಜನ ನಲವತ್ತು ಊರಿನಲ್ಲಿ ಬಲಕ್ಕೆ ತಿರುಚಿಕೊಂಡು, ಟೀ ಕುಡಿದ ಕಡೆ ಹೆಂಡತಿಯನ್ನು ಮರೆತುಬಂದವರ ಹಾಗೆ ಹಿಂದೆ ನೋಡುತ್ತ ಓಡಿಸುತ್ತಿದ್ದರಂತೆ.

ಆಚಾರಿ ಒರಗನ್ನು ತೊಡೆಯ ಮೇಲಿಟ್ಟು ಕೈಯಾಡಿಸಿದರು. ಕೂದಲೆಳೆಯಷ್ಟೂ ತಪ್ಪಿಲ್ಲದೆ ನಕಲು ಮಾಡಿದ್ದರು. ಬಲಗಡೆಯ ಆ ಒಂದು ಬೆರಳಿನ ತಗ್ಗನ್ನೂ ಬಿಟ್ಟಿರಲಿಲ್ಲ.

ಹಣ ವಾಪಸ್ಸು ಕೊಡುವ ಹಾಗಿಲ್ಲ ಎಂದು ಅಭಿಲಾಷ್ ಶುರುಮಾಡಿದ. ಇನ್ನೊಂದು ವಿಡಿಯೊ ಮಾಡುವುದು, ಅದರಲ್ಲಿ ಆಚಾರಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು, ಹಳೇ ಕಾಲದ ಕೈಕೆಲಸ ಬೆನ್ನಿಗೆ ಒಗ್ಗಲು ನಾಲ್ಕು ದಿನ ಬೇಕು ಎಂದು ಅವರ ಬಾಯಿಂದಲೇ ಹೇಳಿಸುವುದು. ಅವನ ಉಪಾಯ ಅದು.

"ನನ್ ಹೆಸರು ತೆಗುದ್ಬುಟ್ಟು ನಿಮ್ ಹೆಸರೇ ಹಾಕುಸ್ಬುಡ್ತೀನಿ ಆಚಾರ್ರೇ," ಅಂದ. "ಚಂದ್ರಶೇಖರಾಚಾರಿ, ಕಿಕ್ಕೇರಿ ಅಂತ ಸ್ಟಿಕ್ಕರ್ ಮಾಡ್ಸಿ ಕೊಂಡೋರಿಗೆಲ್ಲ ಕಳುಸ್ತೀನಿ. ನಲವತ್ತುಕ್ಕೂ."

ಎಂಟು ತಿಂಗಳಲ್ಲಿ ಯಾರಾದರೂ ಅವರ ಪೂರ್ತಿ ಹೆಸರು ಹೇಳಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತ ಮೂಗಮ್ಮ ಗಂಡನನ್ನೇ ನೋಡುತ್ತಿದ್ದಳು. ಆಚಾರಿ ಒರಗನ್ನು ಎತ್ತಿ ಅಭಿಲಾಷನ ಕೈಗೆ ಕೊಟ್ಟರು.

"ಬ್ಯಾಡಿ ಗೌಡ್ರೇ. ಇದು ನನ್ ಕೆಲಸ ಅಲ್ಲ, ನಿಮ್ ಬೆನ್ನು. ಒಂದು ಬೆರಳು ಸೊಟ್ಟ. ನಲವತ್ತುಕ್ಕೂ ನಿಮ್ ಹೆಸರೇ ಇರ್ಲಿ."